ಸಾವಿರ ವಾಟ್ಸಿನ ಆಂಪ್ಲಿಫೈಯರ್

ಕಾಶಿಯ ಶಿವಾಲ ಬಡಾವಣೆಯ ನಮ್ಮ ಮಠಕ್ಕೆ ಭಕ್ತರೊಬ್ಬರು ಆಂಪ್ಲಿಫೈಯರ್ ಕೊಟ್ಟರು, ನಾನು ಮನೆಯ ಸ್ಪೀಕರುಗಳನ್ನು ಕೊಟ್ಟೆ. ಡಬ್ಬದ ಮೇಲೆ ‘ಸಾವಿರ ವಾಟ್ಸ್’ ಅಂತ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಸ್ಪೀಕರುಗಳು ತಡೆಯುವುದೇ ಐವತ್ತು. ಆಂಪ್ಲಿಫೈಯರಿನ ಬೆನ್ನು ತಿರುಗಿಸಿ ನೋಡಿದರೆ, ಅದು ಎಳೆಯುವ ಕರೆಂಟೇ ಅರವತ್ತು ವಾಟ್ಸ್!

“ಶಾಸ್ತ್ರಿಗಳೇ, ಒಳಗೆ ಅರವತ್ತು ಹೋದರೆ ಹೊರಗೆ ಸಾವಿರ ಹೇಗೆ ಬರುತ್ತೆ? ಪೂರ್ತಿ ತಿರುಗಿಸಬೇಡಿ, ಸ್ವರ ಒಡೆದು ಸ್ಪೀಕರ್ ಸುಡುತ್ತೆ” ಎಂದೆ.

ಮಠದ ಪೂಜೆ ಮಾಡುವ ಶಾಸ್ತ್ರಿಗಳು ನಕ್ಕರು. “ಕಾಶಿಯಲ್ಲಿ ಒಂದು ಬಿಲ್ವಪತ್ರೆ ಏರಿಸಿದರೆ ಸಾವಿರದ ಫಲ ಬರೋಲ್ವೇ?” ಎನ್ನುತ್ತಾ ರುದ್ರಪಠಣದ ರೆಕಾರ್ಡಿಂಗ್ ಹಚ್ಚಿ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟರು.

ರುದ್ರ ಮುಗಿಯುವ ಮೊದಲೇ ಸುಟ್ಟ ವಾಸನೆ ಬಂತು, ಸ್ಪೀಕರುಗಳು ಸುಮ್ಮನಾದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ನನಗೆ ಸಮಾಧಾನ ಹೇಳಿದರು:

“ಬೇಜಾರು ಮಾಡ್ಕೋಬೇಡಿ. ಹೋಗಿದ್ದು ಕಾಶಿಯಲ್ಲಿ. ಮತ್ತೆ ಹುಟ್ಟೋ ಕಷ್ಟ ಇಲ್ಲ.”