ಒಬ್ಬಳೇ ಹೋಗಿ ತಂದ ಬೇಸ್

ಡಿಪೋದ ಟಯರ್ ವಿಭಾಗದ ಆ ಹೆಂಗಸನ್ನು ಎಲ್ಲರೂ ತಂತಿಯಕ್ಕ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಹಾಜರಿ ಪುಸ್ತಕದಲ್ಲಿ ಬಿದ್ದಿದೆ. ಅದನ್ನು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಹಗಲು ಬಸ್ಸಿನ ಚಕ್ರ ಬಿಚ್ಚುತ್ತಾಳೆ, ಸವೆದ ಟಯರನ್ನು ರಿಮ್ಮಿನಿಂದ ಮೀಟಿ ತೆಗೆಯುತ್ತಾಳೆ, ಹೊಸದನ್ನು ಕೂರಿಸಿ ನಟ್ಟು ಬಿಗಿಯುತ್ತಾಳೆ. ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ, ಖಾಲಿ ಸಿಲಿಂಡರುಗಳ ಪಕ್ಕ ನಿಂತು ಬೇಸ್ ಗಿಟಾರ್ ಬಾರಿಸುತ್ತಾಳೆ. ಮೊದಲನೆಯದಕ್ಕೆ ಸಂಬಳವಿದೆ. ಎರಡನೆಯದಕ್ಕೆ ಸೊಂಟನೋವಿದೆ.

ಬೇಸ್ ಅವಳು ಆಸೆಪಟ್ಟು ಹಿಡಿದದ್ದೇನಲ್ಲ. ಭಾಷಣ ಕೇಳಲು ಬಾರದವರು ಹಾಡು ಕೇಳಲಾದರೂ ಬಂದಾರು ಎಂದು ಯೂನಿಯನ್ನಿನವರು ಗೇಟಿನ ಸಭೆಗಳಿಗೊಂದು ಬ್ಯಾಂಡ್ ಕಟ್ಟಿದರು. ಎಲ್ಲರಿಗೂ ಮೈಕು ಬೇಕು, ಅದು ಸಿಗದಿದ್ದರೆ ಗಿಟಾರು ಬೇಕು. ಇವಳು ಪಂಕ್ಚರ್ ಮುಗಿಸಿ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಉಳಿದದ್ದು ನಾಲ್ಕು ದಪ್ಪ ತಂತಿಗಳ, ಜಾಕಿನಷ್ಟು ಭಾರದ ಈ ಸಾಮಾನು. ಬ್ಯಾಂಡಿನ ಹಾಡುಗಾರ, ಡಿಪೋದ ಹಿರಿಯ ಮೇಸ್ತ್ರಿ, ಅದನ್ನೆತ್ತಿ ಅವಳ ಕೊರಳಿಗೆ ಹಾಕಿ, ಟಯರ್ ಎತ್ತುವವಳಿಗೆ ಇದೇನು ಮಹಾ ಎಂದಿದ್ದ.

ಬೇಸ್ ಬಾರಿಸುವವರ ಹಣೆಬರಹ ವಿಚಿತ್ರ. ಬಾರಿಸುತ್ತಿರುವಾಗ ಯಾರೂ ಇತ್ತ ನೋಡುವುದಿಲ್ಲ. ನಿಲ್ಲಿಸಿದರೆ ಏನೋ ಕುಸಿದುಬಿತ್ತು ಎಂಬಂತೆ ಎಲ್ಲರೂ ತಿರುಗುತ್ತಾರೆ. ಚಪ್ಪಾಳೆ ಹಾಡುವವನ ಪಾಲು. ನೆರೆದವರ ಕಾಲು ತಂತಾನೇ ನೆಲ ಕುಟ್ಟಿತೇ, ಅದೇ ಬೇಸಿನವರ ಕೂಲಿ. ತಂತಿಯಕ್ಕನಿಗೆ ಇದು ಬೇಗ ಒಗ್ಗಿತು. ಚಕ್ರದ ನಟ್ಟು ಬಿಗಿದವರನ್ನು ಯಾವ ಪ್ರಯಾಣಿಕ ತಾನೇ ನೆನೆಯುತ್ತಾನೆ?

ಡ್ರಮ್ ಬಾರಿಸುತ್ತಿದ್ದವನು ಅವಳ ತಮ್ಮ. ಅದೇ ಡಿಪೋದಲ್ಲಿ ಬಸ್ ಓಡಿಸುತ್ತಾನೆ. ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನವನು. ಉಣ್ಣಿಸಿದ್ದು, ಬಡಿದದ್ದು, ಓದಿಸಿದ್ದು, ಡ್ರೈವಿಂಗ್ ಕಲಿಸಿದ್ದು ಎಲ್ಲ ಅಕ್ಕನೇ. ಮದುವೆಯ ವಿಚಾರ ಎತ್ತಿದವರಿಗೆ, ಒಂದು ಗಂಡಸನ್ನು ಸಾಕಿ ಸುಸ್ತಾಗಿದೆ, ಇನ್ನೊಂದು ಬೇಡ ಎನ್ನುತ್ತಿದ್ದಳು. ಟಯರ್ ಕೀಳುವ ಸಲಾಕೆಯಿಂದ ರಿಮ್ಮು ಬಡಿಯುತ್ತ ಅವನು ಕೂರುತ್ತಿದ್ದುದನ್ನು ಕಂಡು ಡ್ರಮ್ಮಿಗೆ ಕೂರಿಸಿದವಳೂ ಅವಳೇ. ಇಬ್ಬರೂ ಒಟ್ಟಿಗೆ ಹಿಡಿದರೆಂದರೆ ಅವನ ಬಲಗಾಲು ದೊಡ್ಡ ಡ್ರಮ್ಮಿನ ಪೆಡಲ್ ತುಳಿದಲ್ಲಿ ಅವಳ ಬೆರಳು ತಂತಿಯ ಮೇಲೆ ಬಿದ್ದಿರುತ್ತಿತ್ತು. ಎರಡು ಸದ್ದಲ್ಲ, ಒಂದೇ ಸದ್ದು.

ಆ ಬ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು. ಬೇಸ್ ಕೊಳ್ಳಲು ಹೋಗುವವರು ಡ್ರಮ್ಮಿನವನನ್ನು ಕರೆದುಕೊಂಡೇ ಹೋಗಬೇಕು. ಅಂಗಡಿಯ ಮೂಲೆಯಲ್ಲಿರುವ ಡ್ರಮ್ಮಿಗೆ ಅವನನ್ನು ಕೂರಿಸಿ, ಜೊತೆಗೆ ಬಾರಿಸಿ ನೋಡಿ ತರಬೇಕು. ಒಂಟಿಯಾಗಿ ಬಾರಿಸಿದರೆ ಎಲ್ಲ ಬೇಸೂ ಚೆಂದ. ನಾಲ್ಕು ಜನರ ನಡುವೆ ನಿಂತಾಗಲೇ ಅದರ ಬಂಡವಾಳ ಬಯಲಾಗುವುದು. ಅಕ್ಕ ತಮ್ಮ ಹಾಗೆ ಹೋಗಿ ತಂದ ಬೇಸೇ ಇಷ್ಟು ವರ್ಷ ಗೇಟಿನ ಬಿಸಿಲು, ಧೂಳು, ಲಾಠಿ ಎಲ್ಲವನ್ನೂ ಕಂಡಿತ್ತು.

ಆಮೇಲೆ ಬಂತು ಆ ದೊಡ್ಡ ಮುಷ್ಕರ.

ಮುಷ್ಕರ ದಿನಗಟ್ಟಲೆ ಎಳೆಯಿತು. ಒಂದು ಬೆಳಿಗ್ಗೆ ಗೇಟಿನ ಮುಂದೆ ಬ್ಯಾಂಡ್ ಬಾರಿಸುತ್ತಿದೆ, ಡ್ರಮ್ಮಿನ ಸ್ಟೂಲು ಖಾಲಿ. ತಮ್ಮ ಆಸ್ಪತ್ರೆಯಲ್ಲಿದ್ದಾನೆ ಎಂದುಕೊಂಡಿದ್ದರು. ಬಸುರಿ ಹೆಂಡತಿಯನ್ನು ಅಲ್ಲಿ ಮಲಗಿಸಿದ್ದರು. ಗೇಟು ತೆರೆಯಿತು. ಪೊಲೀಸರ ಹಿಂದೆ ಒಂದು ಬಸ್ಸು ಹೊರಬಂತು. ಸ್ಟೇರಿಂಗ್ ಹಿಡಿದು ಕೂತಿದ್ದವನು ಅವನು. ಕೆಲಸಕ್ಕೆ ಬಾರದವರ ಪುಕ್ಕಟೆ ಚಿಕಿತ್ಸೆಯ ಆಸ್ಪತ್ರೆ ಕಾರ್ಡು ರದ್ದು ಎಂದು ಆಡಳಿತ ಹಿಂದಿನ ದಿನ ಹೊರಡಿಸಿದ ಆದೇಶ ಅವನ ಕೊರಳಿಗೆ ಬಿದ್ದಿತ್ತು. ಅವನು ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡಿದಳು. ಅವಳ ಬೆರಳು ನಿಲ್ಲಲಿಲ್ಲ. ಬಸ್ಸೂ ನಿಲ್ಲಲಿಲ್ಲ.

ಮುಷ್ಕರ ಮುರಿಯುವುದು ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಅವನ ಹೆಂಡತಿಯ ಹೊಟ್ಟೆಯಲ್ಲಿದ್ದ ಮಗು ನಿಜ, ಇದರಲ್ಲೂ ಎರಡು ಮಾತಿಲ್ಲ. ಈ ಎರಡು ನಿಜಗಳು ಒಂದನ್ನೊಂದು ಅಳಿಸುವುದಿಲ್ಲ, ಒಂದೇ ಬೆಂಚಿನ ಮೇಲೆ ಮುಖ ತಿರುಗಿಸಿಕೊಂಡು ಕೂತಿರುತ್ತವೆ. ಮುಷ್ಕರ ಅರ್ಧ ಗೆದ್ದು ಅರ್ಧ ಸೋತು ಮುಗಿಯಿತು. ತಮ್ಮ ಬ್ಯಾಂಡಿನ ಕೋಣೆಗೆ ಬರಲಿಲ್ಲ, ಯಾರೂ ಕರೆಯಲೂ ಇಲ್ಲ. ಅಕ್ಕ ಅವನೊಡನೆ ಮಾತು ಬಿಟ್ಟಳು. ಅವನ ಬಸ್ಸಿನ ಚಕ್ರಗಳ ನಟ್ಟನ್ನು ಮಾತ್ರ ಬೇರೆಯವರಿಗೆ ಬಿಡದೆ ತಾನೇ ಬಿಗಿಯುತ್ತಿದ್ದಳು. ಕೇಳಿದರೆ, ಬಸ್ಸು ಸಾರ್ವಜನಿಕರದ್ದು ಎನ್ನುತ್ತಿದ್ದಳು. ಹುಟ್ಟಿದ ಮಗು ತೆವಳಿ, ಎದ್ದು, ನಡೆಯಲು ಕಲಿಯಿತು. ಅತ್ತೆಯ ಮುಖ ನೋಡಿರಲಿಲ್ಲ.

ಹೀಗಿರುವಾಗ ಹಳೆಯ ಬೇಸಿನ ಕತ್ತು ತಿರುಚಿಕೊಂಡಿತು. ರಿಪೇರಿಯವನು ಕಣ್ಣಿಗೆ ನೇರ ಹಿಡಿದು ನೋಡಿ, ಇದರ ಆಯಸ್ಸು ಮುಗಿಯಿತು ಎಂದ. ಮೇಸ್ತ್ರಿಯ ನಿವೃತ್ತಿ ಹತ್ತಿರವಾಗಿತ್ತು. ಬೀಳ್ಕೊಡುಗೆಯ ದಿನ ಬ್ಯಾಂಡ್ ಜೊತೆ ಕೊನೆಯ ಸಲ ಹಾಡಬೇಕೆಂಬುದು ಅವನ ಒಂದೇ ಆಸೆ. ತಂತಿಯಕ್ಕ ವಾದ್ಯದ ಅಂಗಡಿಗೆ ಹೋದಳು. ಒಬ್ಬಳೇ.

ಅಂಗಡಿಯವನು ಮಾತಿನ ಮಲ್ಲ. ಒಂದಾದ ಮೇಲೊಂದು ಇಳಿಸಿ ಕೊಟ್ಟ. ಜೇನುಬಣ್ಣದ ಒಂದು ಬೇಸು ಅವಳ ಮನಸ್ಸಿಗೆ ಹಿಡಿಸಿತು. ಕೆಳಗಿನ ತಂತಿ ಮೀಟಿದರೆ ಹೊಟ್ಟೆಯೊಳಗೆ ಯಾರೋ ಬೆಚ್ಚಗೆ ಕಂಬಳಿ ಹೊದಿಸಿದ ಹಾಗೆ. ಅವಳು ಕಣ್ಣು ಮುಚ್ಚಿ ಬಾರಿಸಿದಳು. ಮೂಲೆಯ ಡ್ರಮ್ಮಿನ ಕಡೆ ಬೆನ್ನು ಹಾಕಿಯೇ ಕೂತಿದ್ದಳು. ಗೀರು ಬೀಳದಿದ್ದರೆ ಬದಲಿಸಿಕೊಡುತ್ತೇನೆ ಎಂದು ಅಂಗಡಿಯವನು ಮಾತು ಕೊಟ್ಟ. ಬದಲಿಸುವ ಪ್ರಶ್ನೆಯೇ ಇಲ್ಲ ಎಂದು ಅವಳು ಹೆಗಲಿಗೇರಿಸಿಕೊಂಡು ಬಂದಳು.

ಅಭ್ಯಾಸದ ಕೋಣೆಯಲ್ಲಿ ಆ ಕಂಬಳಿಯ ಬಣ್ಣ ಬಯಲಾಯಿತು. ಡ್ರಮ್ಮು ಶುರುವಾದ ಕೂಡಲೇ ಬೇಸ್ ನಾಪತ್ತೆ. ಜೋರು ಮಾಡಿದಳು, ಕಿಟಕಿ ಗಾಜು ಅದುರಿತು, ಸ್ವರ ಮಾತ್ರ ಕೇಳಲಿಲ್ಲ. ಗುಂಡಿಗಳನ್ನು ಆ ಕಡೆ ಈ ಕಡೆ ತಿರುಗಿಸಿದಳು. ಸದ್ದಿನ ಕೆಸರು ಸ್ವಲ್ಪ ತೆಳುವಾಯಿತು, ನೀರಾಗಲಿಲ್ಲ. ಗಿಟಾರ್ ಹಿಡಿದಿದ್ದ ಕ್ಯಾಂಟೀನಿನ ಅಡುಗೆಯವನು ಕೈ ನಿಲ್ಲಿಸಿ ಕೇಳಿದ:

“ಅಕ್ಕ, ನೀವು ಬಾರಿಸ್ತಾ ಇದ್ದೀರೋ, ಇಲ್ಲಾ ರಸ್ತೇಲಿ ಲಾರಿ ಹೋಗ್ತಾ ಇದೆಯೋ?”

ತಮ್ಮನ ಬದಲು ಡ್ರಮ್ಮಿಗೆ ಕೂತಿದ್ದವನು ಟಿಕೆಟ್ ವಿಭಾಗದ ಗುಮಾಸ್ತ. ಸಂಭಾವಿತ. ತನ್ನದೇ ತಪ್ಪಿರಬೇಕು ಎಂದು ಕ್ಷಮೆ ಕೇಳಿದ. ಮೇಸ್ತ್ರಿ ಯಾರನ್ನೂ ನಗಲು ಬಿಡದೆ ಎಲ್ಲರನ್ನೂ ಟೀ ಕುಡಿಯಲು ಕಳಿಸಿದ. ಆಮೇಲೆ ಸಿಲಿಂಡರಿನ ಮೇಲೆ ಕೂತು ಅವಳನ್ನೇ ನೋಡಿದ.

“ಒಬ್ಳೇ ಹೋಗಿ ತಂದಿದ್ದೀಯ.”

“ಗುಮಾಸ್ತರಿಗೆ ಬಿಡುವಿರಲಿಲ್ಲ, ಮೇಸ್ತ್ರಿ.”

“ನೀನು ಅವನನ್ನ ಕೇಳೇ ಇಲ್ಲ. ನಾನು ವಿಚಾರಿಸ್ದೆ.”

ಅಂಗಡಿಯ ಆ ಸ್ಟೂಲಿನ ಮೇಲೆ ಬೇರೆ ಒಬ್ಬನನ್ನು ಕೂರಿಸಿಕೊಂಡು ನೋಡುವುದು ಅವಳ ಕೈಲಾಗಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳುವ ಹೆಂಗಸೂ ಅವಳಲ್ಲ. ಮೇಸ್ತ್ರಿಗೆ ಅದು ಗೊತ್ತಿತ್ತು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಇದು ಬ್ಯಾಂಡಿನ ಮಾತಲ್ಲ, ನಿಮ್ಮ ಮನೆ ಮಾತು, ನೀನೇ ನೋಡ್ಕೋ ಎಂದು ಎದ್ದುಹೋದ.

ಮರುದಿನ ಮಧ್ಯಾಹ್ನ ತಂತಿಯಕ್ಕ ಬೇಸಿನ ಚೀಲ ಬೆನ್ನಿಗೇರಿಸಿ ತಮ್ಮನ ಬಸ್ಸು ಹತ್ತಿದಳು. ಡ್ರೈವರನ ಪಕ್ಕದ ಸೀಟಿನಲ್ಲೇ ಕೂತಳು. ಕನ್ನಡಿಯ ಮೇಲೆ ‘ಚಾಲಕರೊಡನೆ ಮಾತನಾಡಬೇಡಿ’ ಎಂದು ಬರೆದಿತ್ತು. ಇಬ್ಬರಿಗೂ ಅದು ದೊಡ್ಡ ಉಪಕಾರವಾಯಿತು. ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ಅವನು ಗೇರು ಬದಲಿಸುವಾಗ ಮೊದಲಿನಂತೆಯೇ ಕಿರುಬೆರಳು ಎತ್ತುತ್ತಾನೆ ಎಂಬುದನ್ನು ಅವಳು ಗಮನಿಸಿದಳು. ಕಿವಿಯ ಮೇಲೆ ಕೂದಲು ನರೆತದ್ದನ್ನೂ. ನೆನ್ನೆ ಮೊನ್ನೆ ಬಿದ್ದು ಮಂಡಿ ತರಚಿಕೊಂಡು ಬಂದವನಿಗೆ ಇದೇನು ನರೆ ಎಂದು ಅವಳಿಗೆ ಸಿಟ್ಟೇ ಬಂತು.

ಕೊನೆಯ ನಿಲ್ದಾಣದಲ್ಲಿ ಜನ ಇಳಿದರು. ಕಂಡಕ್ಟರ್ ನೀರು ಕುಡಿಯಲು ಹೋದ. ತಮ್ಮ ಎಂಜಿನ್ ಆರಿಸಿದ. ಅಕ್ಕನ ಕಡೆ ನೋಡದೆ ಚೀಲ ನೋಡಿದ.

“ಹೊಸದಾ?”

“ಹ್ಞೂಂ. ಸರಿಯಿಲ್ಲ.”

“ಒಬ್ಳೇ ಹೋಗಿದ್ಯಾ?”

“ಇನ್ಯಾರನ್ನ ಕರ್ಕೊಂಡು ಹೋಗ್ಲಿ?”

ಅವನು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡ. ಆಮೇಲೆ ಮುಂದಿನ ಗಾಜಿಗೇ ಹೇಳುವವನಂತೆ ಹೇಳಿದ:

“ನಾನು ಅವತ್ತು ಮಾಡಿದ್ದು ತಪ್ಪು ಅಕ್ಕ. ಆದ್ರೆ ಮತ್ತೆ ಅಂಥದೇ ಬಂದ್ರೆ ಅದನ್ನೇ ಮಾಡ್ತೀನಿ. ಸುಳ್ಳು ಹೇಳಲ್ಲ.”

“ನಾನೂ ಗೇಟಿನ ಹತ್ರಾನೇ ನಿಂತಿರ್ತೀನಿ. ನಾನೂ ಸುಳ್ಳು ಹೇಳಲ್ಲ.”

“ಗೊತ್ತು.”

“ಗೊತ್ತಲ್ಲ, ಮುಗೀತು. ಭಾನುವಾರ ಅಂಗಡಿಗೆ ಬಾ. ಗಡ್ಡ ಬೋಳಿಸ್ಕೊಂಡು ಬಾ, ಕಳ್ಳನ ಹಾಗೆ ಕಾಣ್ತೀಯ.”

ಭಾನುವಾರ ಅವನು ಗಡ್ಡ ಬೋಳಿಸಿಕೊಂಡು ಬಂದ. ಅಂಗಡಿಯ ಡ್ರಮ್ಮಿನ ಸ್ಟೂಲನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡ. ಕೋಲನ್ನು ತೊಡೆಯ ಮೇಲಿಟ್ಟು ಬರೀ ಕಾಲಿನಲ್ಲಿ ಪೆಡಲ್ ತುಳಿಯತೊಡಗಿದ. ಅವಳು ಒಂದೊಂದೇ ಬೇಸು ಹಿಡಿದಳು. ಅವನಿಗೆ ಸರಿಬರದಿದ್ದರೆ ಕಾಲು ನಿಲ್ಲುತ್ತಿತ್ತು, ಅಷ್ಟೇ. ಅಂಗಡಿಯವನು ಮರದ ಜಾತಿ, ಬಣ್ಣದ ಹೊಳಪು, ಯಾವ ದೇಶದಲ್ಲಿ ಯಾರು ಇದನ್ನೇ ಹಿಡಿಯುತ್ತಾರೆ ಎಂದೆಲ್ಲ ಹೇಳುತ್ತಲೇ ಇದ್ದ. ಕಾಲು ನಿಲ್ಲುತ್ತಲೇ ಇತ್ತು.

ಕೊನೆಗೆ ಅವಳ ಕಣ್ಣು ಬಾಗಿಲ ಹಿಂದೆ ಒರಗಿಸಿದ್ದ ಒಂದು ಹಳೆಯ ಬೇಸಿನ ಮೇಲೆ ಬಿತ್ತು. ಯಾರೋ ಬಾರಿಸಿ ಬಿಟ್ಟದ್ದು, ಬಣ್ಣ ಎದ್ದಿತ್ತು. ಅದು ಬೇಡಿ ಮೇಡಂ, ಮೂಗಿನಲ್ಲಿ ಮಾತಾಡುತ್ತೆ ಎಂದು ಅಂಗಡಿಯವನೇ ತಡೆದ. ನಿಜ, ಮೀಟಿದರೆ ನೆಗಡಿಯಾದ ಮುದುಕಿ ಗೊಣಗಿದ ಹಾಗಿತ್ತು. ತಮ್ಮ ತುಳಿದ. ಮುದುಕಿ ಗೊಣಗಿದಳು. ಅವನು ಮತ್ತೆ ತುಳಿದ, ಈ ಸಲ ಕೋಲುಗಳನ್ನೂ ಎತ್ತಿಕೊಂಡ. ಡ್ರಮ್ಮಿನ ಗುಡುಗಿನೊಳಗಿಂದ ಒಂದೊಂದು ಸ್ವರವೂ ತಲೆಯೆತ್ತಿ ನಿಂತಿತು. ಕಾಲು ನಿಲ್ಲಲಿಲ್ಲ. ತಂತಿಯಕ್ಕನ ಬೆರಳಿಗೆ ಇಷ್ಟು ದಿನ ಮರೆತುಹೋಗಿದ್ದ ಜಾಗ ಸಿಕ್ಕಿತು. ಅಂಗಡಿಯವನ ಬಾಯಿ ಕೂಡ ಕಟ್ಟಿತು.

“ಒಂಟಿಯಾಗಿ ಕೇಳೋಕೆ ಇದು ದರಿದ್ರ,” ಎಂದ ತಮ್ಮ, ಬೆವರು ಒರೆಸಿಕೊಳ್ಳುತ್ತ. “ಇದೇ ಇರ್ಲಿ.”

ಜೇನುಬಣ್ಣದ್ದನ್ನು ವಾಪಸು ಕೊಟ್ಟು ಮುದುಕಿಯನ್ನು ತಂದರು.

ಬೀಳ್ಕೊಡುಗೆ ಡಿಪೋದ ದೊಡ್ಡ ಶೆಡ್ಡಿನಲ್ಲಿ, ಹಗಲು ಪಾಳಿ ಬಿಟ್ಟ ಕೂಡಲೇ. ಒಂದು ಬಸ್ಸನ್ನು ಹೊರಗೆ ನಿಲ್ಲಿಸಿ ಆ ಜಾಗಕ್ಕೆ ಕುರ್ಚಿ ಹಾಕಿದ್ದರು. ಡ್ರಮ್ಮಿಗೆ ಗುಮಾಸ್ತನೇ ಕೂತ. ತಮ್ಮನನ್ನು ಕೂರಿಸಿ ಎಂದು ಅಕ್ಕ ಕೇಳಲಿಲ್ಲ. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೇಳುವ ಮುಖ ಅವಳಿಗಿರಲಿಲ್ಲ. ಮೇಸ್ತ್ರಿ ಹಾಡು ಎತ್ತಿದ. ಗುಮಾಸ್ತ ಹೆದರಿ ತಾಳದಲ್ಲಿ ಓಟ ಕಿತ್ತ. ಬೇಸು ಅವನ ಹಿಂದೆ ಓಡಬೇಕೋ, ಹಾಡಿನ ಜೊತೆ ನಿಲ್ಲಬೇಕೋ ತಿಳಿಯದೆ ತಡವರಿಸಿತು.

ಆಗ ಅವಳು ಬಾಗಿಲ ಕಡೆ ನೋಡಿದಳು. ಶೆಡ್ಡಿನ ಹೊಸ್ತಿಲಾಚೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ, ತಮ್ಮ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಅವನ ಬಲ ಹಿಮ್ಮಡಿ ನೆಲ ಕುಟ್ಟುತ್ತಿತ್ತು. ಸದ್ದು ಇಲ್ಲಿಯವರೆಗೆ ಬರುವಂತಿರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಸಾಕಾಗಿತ್ತು. ಅವಳು ಆ ಹಿಮ್ಮಡಿಯ ಜೊತೆ ಬಾರಿಸಿದಳು. ಮೂಗಿನ ಮುದುಕಿ ಗಟ್ಟಿಯಾಗಿ ಗೊಣಗಿದಳು. ಗುಮಾಸ್ತ ಅದನ್ನು ಹಿಡಿದುಕೊಂಡು ತಹಬಂದಿಗೆ ಬಂದ. ಮೇಸ್ತ್ರಿಯ ಹಾಡು ದಡ ಸೇರಿತು.

ಚಪ್ಪಾಳೆ ಮುಗಿಯುವ ಮೊದಲೇ ಮೇಸ್ತ್ರಿ ಅವಳ ಪಕ್ಕಕ್ಕೆ ಬಂದು, ಯಾರಿಗೂ ಕೇಳದ ಹಾಗೆ ವಿಚಾರಿಸಿದ:

“ಇವತ್ತು ಯಾರ ಜೊತೆ ಬಾರಿಸ್ದೆ?”

ಅವಳು ಬಾಗಿಲ ಕಡೆ ಗಲ್ಲ ಎತ್ತಿದಳು. ಮೇಸ್ತ್ರಿ ಅತ್ತ ನೋಡಿದ. ಕೊರಳ ಹಾರ ತೆಗೆದು ಆಂಪ್ಲಿಫೈಯರಿನ ಮೇಲಿಟ್ಟ.

“ಒಳಗೆ ಬಂದು ಊಟ ಮಾಡು ಅನ್ನು. ನನ್ನ ಊಟ ಇದು, ಯಾರಪ್ಪನದೂ ಅಲ್ಲ. ಸ್ಟೂಲಿನ ಮಾತು ನನ್ನೊಬ್ಬನದಲ್ಲ. ಅದನ್ನ ಆಮೇಲೆ ನೀವು ನೀವೇ ಮಾತಾಡ್ಕೊಳ್ಳಿ.”

ತಂತಿಯಕ್ಕ ಬಾಗಿಲಿಗೆ ಹೋದಳು. ಊಟಕ್ಕೆ ಬಾ ಎಂದಳು. ತಮ್ಮ ಒಳಗಿನ ಸಾಲುಗಳನ್ನು ನೋಡಿ ಹಿಂದೇಟು ಹಾಕಿದ. ಅವಳು ಬೇಸನ್ನು ಕೊರಳಿಂದ ಬಿಚ್ಚಿ ಅವನ ಕೈಗಿಟ್ಟು, ಅವನ ಹೆಗಲಿಂದ ಮಗುವನ್ನು ಇಳಿಸಿಕೊಂಡಳು. ಕೈ ತುಂಬಿದವನು ಇನ್ನೆಲ್ಲಿಗೆ ಹೋಗುತ್ತಾನೆ? ಹಿಂದೆ ಬಂದ.

ಮಗು ಅವಳ ಮುಖವನ್ನು ದಿಟ್ಟಿಸಿ, ಗ್ರೀಸ್ ಅಂಟಿದ ಕಿವಿಯನ್ನು ಹಿಡಿದು ಎಳೆಯಿತು. ಭಾರವಾಗಿತ್ತು. ಅವಳ ಸೊಂಟ ಎಂದಿನಂತೆ ನೋಯುತ್ತಿತ್ತು.