ಹೊಡೆದುಹಾಕಿದ ಒಂದು ‘ಟು’

೨೦೦೩ರಲ್ಲಿ ನಾನು ತಮಿಳು ಕರಾವಳಿಯ ಎಣ್ಣೂರಿನ ತೈಲ ಸಂಗ್ರಹಾಗಾರವೊಂದರಲ್ಲಿ ಗುತ್ತಿಗೆಯ ಮೇಲೆ ಇಂಗ್ಲಿಷ್ ಬೋಧಕಿಯಾಗಿದ್ದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವಾರಕ್ಕೆ ಮೂರು ದಿನ ವೆಸ್ಟ್ ಮಾಂಬಲಂನ ಚಿಕ್ಕಮ್ಮನ ಮನೆಯಿಂದ ಲೋಕಲ್ ರೈಲು ಹತ್ತಿ, ಬೀಚ್ ನಿಲ್ದಾಣದಲ್ಲಿ ಇಳಿದು, ಎಣ್ಣೂರಿನ ರೈಲು ಹಿಡಿಯುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಟ್ಯಾಂಕ್ ಆಪರೇಟರ್‌ಗಳು. ಪಾಳಿಯಲ್ಲಿ ನಡೆದದ್ದನ್ನು ಬರೆದಿಡುವ ಲಾಗ್‌ಬುಕ್ಕನ್ನು ಇನ್ನು ಮುಂದೆ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಆಡಳಿತ ಆಗಷ್ಟೇ ಆಜ್ಞೆ ಹೊರಡಿಸಿತ್ತು. ಇಪ್ಪತ್ತು ವರ್ಷ ತಮಿಳಿನಲ್ಲಿ ಬರೆದು ಪಳಗಿದ ಕೈಗಳು ಒಂದು ತಿಂಗಳಲ್ಲಿ ಬದಲಾಗಬೇಕಿತ್ತು. ಆ ಆಜ್ಞೆ ಯಾರ ಅನುಕೂಲಕ್ಕೆ ಎಂದು ಅಂದು ನಾನು ಕೇಳಲಿಲ್ಲ. ನನಗೆ ಅದರಿಂದ ಕೆಲಸ ಸಿಕ್ಕಿತ್ತು.

ಮೊದಲ ಬೆಂಚಿನಲ್ಲಿ ಕೂರುತ್ತಿದ್ದವರು ನಂಜುಂಡಯ್ಯ. ಚಾಮರಾಜನಗರದ ಕಡೆಯವರು, ಐವತ್ತು ದಾಟಿದವರು. “ಟೀಚರಮ್ಮ, ನಮ್ಮನೇಲಿ ನಾನು ಕನ್ನಡದಲ್ಲಿ ಬಯ್ದ್ರೆ ಮಗಳು ತಮಿಳಲ್ಲಿ ಬದಲು ಹೇಳ್ತಾಳೆ. ಈಗ ಇಂಗ್ಲಿಷ್ ಒಂದು ಬಾಕಿ ಇತ್ತು, ನೀವು ಬಂದ್ರಿ,” ಎಂದು ನಗುತ್ತಿದ್ದರು. ನಾನು ಕೊಟ್ಟ ಪಾಠದ ಹಾಳೆಗಳನ್ನೆಲ್ಲ ಮಡಚಿ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದರು.

ಏಳನೆಯ ಪಾಠ ಇನ್ಫಿನಿಟಿವ್. ಕ್ರಿಯಾಪದದ ಹಿಂದೆ ‘ಟು’ ಸೇರಿಸಿದ ರೂಪ ಅದು; ನಮ್ಮ ‘ನೋಡಲು’, ‘ನೋಡೋಕೆ’ ಇದ್ದಂತೆ. ಆಪರೇಟರ್‌ಗಳು ‘ಪಂಪ್ ಸ್ಟಾಪ್ಡ್ ಟು ವರ್ಕ್’ ಎಂದು ಬರೆಯುತ್ತಿದ್ದರು. ಪಂಪು ಕೆಲಸ ಮಾಡುವುದನ್ನು ನಿಲ್ಲಿಸಿತು ಎನ್ನಲು ಅಲ್ಲಿ ‘ವರ್ಕಿಂಗ್’ ಬರಬೇಕು. ತಿದ್ದಿ ತಿದ್ದಿ ಬೇಸತ್ತು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ನಿಯಮ ಅಚ್ಚು ಹಾಕಿಸಿದೆ: ‘ಸ್ಟಾಪ್’ ಬಂದರೆ ಅದರ ಮುಂದೆ ‘ಟು’ ಬೇಡವೇ ಬೇಡ, ‘ಇಂಗ್’ ಹಾಕಿ. ನೆನಪಿಡಲು ಸುಲಭವಾಗಿತ್ತು. ತರಗತಿಯೆಲ್ಲ ಅದನ್ನು ಒಟ್ಟಾಗಿ ಮೂರು ಸಲ ಹೇಳಿತು. ಹೇಳಿಸಿದವಳು ನಾನು.

ಅದಾಗಿ ಎರಡು ವಾರಕ್ಕೆ, ಬೆಳಗಿನ ಪಾಳಿಯಲ್ಲಿ, ನಾಲ್ಕನೆಯ ಟ್ಯಾಂಕ್ ಉಕ್ಕಿ ಹರಿಯಿತು. ಎಣ್ಣೆ ಚರಂಡಿ ಹಿಡಿದು ಅಳಿವೆಗೆ ಸೇರಿತು. ಮಧ್ಯಾಹ್ನದ ಹೊತ್ತಿಗೆ ಮೀನುಗಾರರು ಕಪ್ಪಾದ ಬಲೆಗಳನ್ನು ತಂದು ಗೇಟಿನ ಮುಂದೆ ಹಾಕಿದ್ದರು. ಆ ಪಾಳಿಯ ಆಪರೇಟರ್ ನಂಜುಂಡಯ್ಯ. ಸಂಜೆಯೊಳಗೆ ಅವರನ್ನು ಅಮಾನತು ಮಾಡಿದರು. ವಿಚಾರಣೆಯಲ್ಲಿ ಆರೋಪ ಸಾಬೀತಾದರೆ ವಜಾ.

ಮೂರನೆಯ ದಿನ ಸಿಬ್ಬಂದಿ ವಿಭಾಗದ ಅಧಿಕಾರಿ ರಾಘವನ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಲಾಗ್‌ಬುಕ್ಕಿನ ಪುಟದ ಜೆರಾಕ್ಸ್ ಇತ್ತು. ‘ಐ ಸ್ಟಾಪ್ಡ್ ಚೆಕಿಂಗ್ ದಿ ಗೇಜ್. ನೀಡಲ್ ಸೇಮ್ ಪ್ಲೇಸ್.’ ಗೇಜ್ ಎಂದರೆ ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆಯೆಂದು ತೋರಿಸುವ ಮಾಪಕ. ಅದನ್ನು ನೋಡುವುದನ್ನು ನಿಲ್ಲಿಸಿದೆ, ಮುಳ್ಳು ಇದ್ದಲ್ಲೇ ಇತ್ತು ಎಂಬುದು ಆ ಸಾಲುಗಳ ಅರ್ಥ.

“ಮೇಡಂ, ಒರು ಲೈನ್ ಪೋದುಂ,” ಎಂದರು ರಾಘವನ್. ಒಂದು ಸಾಲು ಸಾಕು. ಈ ವಾಕ್ಯದ ಅರ್ಥ ಇಷ್ಟೇ ಎಂದು ಭಾಷಾತಜ್ಞೆಯಾಗಿ ಬರೆದು ಸಹಿ ಹಾಕಬೇಕಿತ್ತು.

ಪೆನ್ನು ತೆಗೆದುಕೊಂಡೆ. ಆಗ ಕಣ್ಣಿಗೆ ಬಿತ್ತು: ‘ಚೆಕಿಂಗ್’ ಪದವನ್ನು ಸಾಲಿನ ಮೇಲೆ ಬರೆದು ಸೇರಿಸಲಾಗಿತ್ತು. ಅದರ ಕೆಳಗೆ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ ಪದಗಳು ‘ಟು ಚೆಕ್’.

‘ಸ್ಟಾಪ್ಡ್ ಟು ಚೆಕ್’ ಎಂದರೆ ಗೇಜನ್ನು ನೋಡಲು ನಿಂತೆ ಎಂದು. ‘ಸ್ಟಾಪ್ಡ್ ಚೆಕಿಂಗ್’ ಎಂದರೆ ನೋಡುವುದನ್ನೇ ಬಿಟ್ಟೆ ಎಂದು. ಒಂದು ಎಚ್ಚರ, ಇನ್ನೊಂದು ಅಪರಾಧ. ಮೊದಲನೆಯದನ್ನು ಎರಡನೆಯದಾಗಿ ತಿದ್ದಲಾಗಿತ್ತು.

“ಇದನ್ನು ತಿದ್ದಿದವರು ಯಾರು? ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳೋಕೆ ದಾಖಲೆ ತಿದ್ದಿದ್ದೀರಾ?” ಎಂದು ಇಂಗ್ಲಿಷಿನಲ್ಲಿ ಕೂಗಿಯೇ ಬಿಟ್ಟೆ. ಪಕ್ಕದ ಕೋಣೆಯ ಟೈಪ್‌ರೈಟರ್ ಸದ್ದು ನಿಂತಿತು. ನಾನು ಸಹಿ ಹಾಕದೆ ಎದ್ದು ಬಂದೆ. ಲಾಗ್‌ಬುಕ್ ತಿದ್ದಿದವರ ಹೆಸರು ವಿಚಾರಣೆಯಲ್ಲಿ ಹೊರಬೀಳಬೇಕೆಂದು ರೈಲಿನಲ್ಲಿ ಕುಳಿತೇ ಎರಡು ಪುಟದ ದೂರು ಬರೆದೆ.

ಮರುದಿನ ದೂರನ್ನು ಓದಿ ಹೇಳಲು ನಂಜುಂಡಯ್ಯನವರ ಮನೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೊಣಕಾಲ ಮೇಲೆ ಬಿಡಿಸಿದರು. ಏಳನೆಯ ಪಾಠ.

“ನಾನೇ ಕಣಮ್ಮ ತಿದ್ದಿದ್ದು,” ಎಂದರು. “ಫಸ್ಟು ‘ಟು ಚೆಕ್’ ಅಂತ್ಲೇ ಬರ್ದೆ. ಆಮೇಲೆ ನಿಮ್ ರೂಲ್ ಗ್ಯಾಪ್ಕ ಬಂತು. ಅಷ್ಟೆಲ್ಲಾ ಗಲಾಟೆಲೂ ಟೀಚರಮ್ಮ ತಪ್ಪು ಅಂದ್ಕೊಬಾರ್ದು ಅಂತ ಹೊಡ್ದಾಕಿ ‘ಇಂಗ್’ ಹಾಕ್ದೆ. ಅದೂ ತಪ್ಪಾ?”

ದೂರಿನ ಎರಡೂ ಪುಟ ಕೈಯಲ್ಲೇ ಇದ್ದವು. ನಾನು ಕೇಳುತ್ತಿದ್ದ ಹೆಸರು ನನ್ನದೇ.

“ಅಲ್ಲಿ ನಿಂತು ಏನು ಮಾಡಿದ್ರಿ?” ಎಂದು ಕೇಳಿದೆ.

“ಮುಳ್ಳು ಅಲ್ಲಾಡ್ತಾನೇ ಇರ್ಲಿಲ್ಲ. ತಟ್ಟಿ ನೋಡ್ದೆ. ಡೌಟ್ ಬಂತು. ಟೇಪ್ ಬಿಟ್ಟು ಅಳೆಯೋಣ ಅಂತ ಏಣಿ ಹತ್ತಿದ್ರೆ, ಅರ್ಧಕ್ಕೇ ಎಣ್ಣೆ ತಲೆ ಮೇಲೆ ಬಂತು. ಆ ಗೇಜ್ ಕೆಟ್ಟೋಗಿ ಎಷ್ಟು ಕಾಲ ಆಯ್ತು ಗೊತ್ತಾ? ನಾನೇ ಮೂರು ಸಲ ಕಂಪ್ಲೇಂಟ್ ಬರ್ದಿದೀನಿ.”

ವಿಚಾರಣೆ ಮುಂದಿನ ವಾರ ನಡೆಯಿತು. ವಿಚಾರಣಾಧಿಕಾರಿ ಹೊರಗಿನಿಂದ ಬಂದ ಹಿರಿಯ ವಕೀಲರು. ಕೋಣೆಯ ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಮೊದಲು ರಾಘವನ್ ಅವರ ಕ್ಷಮೆ ಕೇಳಿದೆ, ಆಮೇಲೆ ಏಳನೆಯ ಪಾಠದ ಹಾಳೆಯನ್ನು ಮೇಜಿನ ಮೇಲಿಟ್ಟೆ. “ಈ ನಿಯಮ ಅರ್ಧ ಸತ್ಯ. ‘ಸ್ಟಾಪ್’ ಪದದ ಮುಂದೆ ಎರಡೂ ರೂಪ ಬರುತ್ತವೆ, ಅರ್ಥ ಮಾತ್ರ ಬೇರೆಯಾಗುತ್ತದೆ. ನಾನು ಅದನ್ನು ಕಲಿಸಲಿಲ್ಲ. ಇವರು ಮೊದಲು ಬರೆದದ್ದೇ ಸರಿ. ಅದನ್ನು ಕೆಡಿಸಿದ್ದು ನನ್ನ ಪಾಠ,” ಎಂದೆ.

“ಹಾಗಾದರೆ ತಪ್ಪು ನಿಮ್ಮದು?” ಎಂದರು ವಕೀಲರು.

“ಆ ಪದದ ತಪ್ಪು ನನ್ನದು. ಎಣ್ಣೆ ಉಕ್ಕಿದ ತಪ್ಪು ಯಾರದೆಂದು ದುರಸ್ತಿ ವಿಭಾಗದ ರಿಜಿಸ್ಟರ್ ಹೇಳಬೇಕು. ದಯವಿಟ್ಟು ತರಿಸಿ.”

ರಿಜಿಸ್ಟರ್ ಬರಲು ಮುಕ್ಕಾಲು ಗಂಟೆ ಹಿಡಿಯಿತು. ನಂಜುಂಡಯ್ಯ ಬೆರಳುಗಳನ್ನು ಹೆಣೆದು, ಬಿಡಿಸಿ, ಮತ್ತೆ ಹೆಣೆಯುತ್ತ ಕುಳಿತಿದ್ದರು. ವಕೀಲರು ಪುಟ ತಿರುವಿ ಗಟ್ಟಿಯಾಗಿ ಓದಿದರು. ನಾಲ್ಕನೆಯ ಟ್ಯಾಂಕಿನ ಗೇಜ್ ಸಿಕ್ಕಿಕೊಳ್ಳುತ್ತಿದೆ ಎಂಬ ದೂರು ಮೂರು ಕಡೆ ಇತ್ತು. ಅದರ ಎದುರಿನ ಅಂಕಣದಲ್ಲಿ ಮೂರು ಉತ್ತರ: ‘ಟು ಬಿ ಚೆಕ್ಡ್’. ‘ಟು ಬಿ ರಿಪೇರ್ಡ್’. ‘ಟು ಬಿ ರಿಪ್ಲೇಸ್ಡ್’.

“ಯಾರು ಮಾಡಬೇಕಿತ್ತು?” ಎಂದು ಕೇಳಿದರು.

ಆ ವಾಕ್ಯಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಲ್ಲಿದ್ದದ್ದು ಬರೀ ಇನ್ಫಿನಿಟಿವ್: ಮಾಡುವವನ ಹೆಸರಿಲ್ಲ, ಮಾಡುವ ದಿನವಿಲ್ಲ. ಪರಿಶೀಲಿಸತಕ್ಕದ್ದು, ದುರಸ್ತಿ ಮಾಡತಕ್ಕದ್ದು, ಬದಲಿಸತಕ್ಕದ್ದು ಎಂದು ನಮ್ಮ ಕಚೇರಿಗಳು ಕನ್ನಡದಲ್ಲಿ ಬರೆಯುತ್ತವಲ್ಲ, ಅದೇ ಆಟ. ಆಪರೇಟರನ ಒಂದು ‘ಟು’ ಬಿಟ್ಟುಹೋದದ್ದಕ್ಕೆ ಅವನ ಕೆಲಸ ಹೋಗುವುದರಲ್ಲಿತ್ತು. ಅಧಿಕಾರಿಗಳು ಮೂರು ‘ಟು’ಗಳ ಹಿಂದೆ ಆರಾಮವಾಗಿ ಅಡಗಿ ಕುಳಿತಿದ್ದರು.

ಆರೋಪ ಬಿದ್ದುಹೋಯಿತು. ನಂಜುಂಡಯ್ಯ ಕೆಲಸಕ್ಕೆ ಮರಳಿದರು. ಅಂತಿಮ ವರದಿಯಲ್ಲಿ ಮಾತ್ರ ನನ್ನ ಪಾಠದ ದೋಷಕ್ಕೆ ಇಡೀ ಒಂದು ಪುಟ, ಗೇಜಿಗೆ ಒಂದೇ ಸಾಲು: ‘ಗೇಜ್ ಟು ಬಿ ರಿಪ್ಲೇಸ್ಡ್’. ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ಹೋಗುವ ಮೊದಲು ತರಗತಿಗೆ ತಿದ್ದಿದ ಏಳನೆಯ ಪಾಠ ಕೊಟ್ಟೆ. ಅದರ ಕೊನೆಗೆ ಹೊಸದಾಗಿ ಒಂದು ಸೂಚನೆ ಸೇರಿಸಿದ್ದೆ: ‘ಟು’ ಕಂಡಲ್ಲೆಲ್ಲ ಯಾರು, ಯಾವಾಗ ಎಂದು ಕೇಳಿ. ಪಾಠ ಹೇಳಿದವರನ್ನೂ ಕೇಳಿ.

ಈ ವೃತ್ತಿ ನನಗೆ ಕಲಿಸಿದ್ದು ಅದನ್ನೇ. ಸುಲಭವೆಂದು ಅರ್ಧ ನಿಯಮ ಕೊಡುವವರೂ ಕ್ಷೇಮವೆಂದು ಕರ್ತೃವಿಲ್ಲದ ವಾಕ್ಯ ಬರೆಯುವವರೂ ಒಂದೇ ಸಾಲಿನಲ್ಲಿ ನಿಂತು ಉತ್ತರ ಕೊಡಬೇಕು. ಆ ಸಾಲಿನಲ್ಲಿ ನಾನು ನಿಂತೆ. ಉಳಿದವರಿಗಾಗಿ ಈಗಲೂ ಕಾಯುತ್ತಿದ್ದೇನೆ.

ತಿಂಗಳಾದ ಮೇಲೆ ನಂಜುಂಡಯ್ಯ ಚಿಕ್ಕಮ್ಮನ ಮನೆಗೆ ಫೋನ್ ಮಾಡಿದರು. ದುರಸ್ತಿ ರಿಜಿಸ್ಟರಿನಲ್ಲಿ ‘ಟು ಬಿ ರಿಪ್ಲೇಸ್ಡ್’ ಎಂದಿದ್ದ ಸಾಲಿನ ಕೆಳಗೆ ತಾವೇ ಇಂಗ್ಲಿಷಿನಲ್ಲಿ ಎರಡು ಪದ ಬರೆದು ಸಹಿ ಹಾಕಿದ್ದರಂತೆ. ‘ಹೂ? ವೆನ್?’ ಯಾರು? ಯಾವಾಗ?

“ತಪ್ಪೇನಾದ್ರೂ ಇದ್ಯಾ ಟೀಚರಮ್ಮ?” ಎಂದು ಕೇಳಿದರು.

“ಒಂದೂ ಇಲ್ಲ,” ಎಂದೆ. “ಇದನ್ನ ಮಾತ್ರ ಯಾರು ಹೇಳಿದ್ರೂ ಹೊಡೆದುಹಾಕ್ಬೇಡಿ.”