ಮಾವನವರ ಪಕ್ಕದ ಎಲೆ

ನಮ್ಮ ಮಾವನವರು ಜವಳಿ ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಇನ್ನು ವ್ಯಾಪಾರ ಸಾಕು ಎಂದಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನಾನು ಹೊಳೆನರಸೀಪುರದವಳು. ಕೊಣನೂರಿನ ಆ ಲಿಂಗವಂತರ ಮನೆಯಲ್ಲಿ ಹಿರಿಯರಿಗೆ ಬಾಯಿ ಕಡಿಮೆ ಎಂದು ಹೇಳಿ ಮದುವೆ ಮಾಡಿಕೊಟ್ಟಿದ್ದರು. ಬಾಯಿ ಕಡಿಮೆ ಇದ್ದದ್ದು ಅತ್ತೆಗೆ, ಮಾವನಿಗಲ್ಲ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಮಾವನ ತಲೆಗೆ ಒಂದು ಹುಳ ಹೊಕ್ಕಿತ್ತು. ಕಾವೇರಿ ದಂಡೆಯ ನಮ್ಮ ಹೊಲದಲ್ಲಿ ಒಂದಷ್ಟು ಜನ ಕೂಡಿ ಬಾಳಬೇಕು, ಯಾವ ಜಾತಿಯವರಾದರೂ ಸರಿ. ಬೆಳಗ್ಗೆ ಅವರವರ ಪೂಜೆ, ಹಗಲು ಹೊಲದ ಕೆಲಸ, ಒಂದೇ ಒಲೆಯ ಅಡುಗೆ, ಒಂದೇ ಸಾಲಿನ ಊಟ. ಮಠ ಕಟ್ಟುತ್ತೀರಾ ಎಂದು ಯಾರಾದರೂ ಕೇಳಿದರೆ ರೇಗಿಬಿಡುತ್ತಿದ್ದರು.

"ಮಠ ಅಂದ್ರೆ ಗದ್ದುಗೆ ಬೇಕು. ಗದ್ದುಗೆ ಅಂದ್ಮೇಲೆ ಒಬ್ಬ ಮೇಲೆ, ಮಿಕ್ಕೋರು ಕೆಳಗೆ. ನಂಗೆ ಅದು ಬ್ಯಾಡ ಕಣ್ರಪ್ಪಾ. ನನ್ನ ಪಕ್ಕದಲ್ಲಿ ಕೂತು ಉಣ್ಣೋ ಜನ ಬೇಕು."

ಅರಕಲಗೂಡು, ಹಾಸನ, ಚನ್ನರಾಯಪಟ್ಟಣ ಎಂದು ಬಟ್ಟೆಗಂಟು ಹೊತ್ತು ತಿರುಗಿದ್ದ ಸಂತೆಗಳಿಗೆಲ್ಲ ಈಗ ಬರಿಗೈಯಲ್ಲಿ ಹೋಗಿ ಇದನ್ನೇ ಹೇಳಿ ಬರುತ್ತಿದ್ದರು. ಹಳೆಯ ಗಿರಾಕಿಗಳು ಮರ್ಯಾದೆಗೆ ತಲೆಯಾಡಿಸಿದರು. ನನ್ನ ಯಜಮಾನರು ನಾಚಿಕೆಯಿಂದ ಅಂಗಡಿ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅತ್ತೆಗೆ ಏನನ್ನಿಸಿತೆಂದು ಯಾರೂ ಕೇಳಿಯೂ ಇರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗಂಡ ಉಂಡೆದ್ದ ಮುತ್ತುಗದ ಎಲೆಯಲ್ಲೇ ಹೆಂಡತಿ ಬಡಿಸಿಕೊಂಡು ಉಣ್ಣಬೇಕು. ಅತ್ತೆ ಮದುವೆಯಾದಂದಿನಿಂದ ಹಾಗೇ ಉಂಡವರು. ನಾನೂ ಉಣ್ಣುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಹೊಲದಲ್ಲಿ ಚಪ್ಪರ ಏಳುತ್ತಿದ್ದಾಗ ಪಕ್ಕದ ಹಳ್ಳಿಯ ಒಕ್ಕಲಗಿತ್ತಿಯೊಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ಬಂದಳು. ನಮ್ಮವರು ಯಾರೇ ಆದರೂ ಮಾಡುವಂತೆ ಮಾವ ಅದರ ಹಣೆಗೆ ಚೂರು ವಿಭೂತಿ ಹಚ್ಚಿ ಕಳಿಸಿದರು. ಜ್ವರ ಬಿಟ್ಟಿತು. ಅಷ್ಟು ಸಾಕಾಯಿತು. ಅದುವರೆಗೆ ಯಜಮಾನ್ರೇ ಎನ್ನುತ್ತಿದ್ದ ಜನ ಮಠದ ಸ್ವಾಮಿಗಳನ್ನು ಕರೆಯುವ ಹಾಗೆ ಬುದ್ಧಿ ಎನ್ನತೊಡಗಿದರು. ಮಾವ ಅದನ್ನು ತಮಾಷೆ ಎಂದುಕೊಂಡರು.

ಮೊದಲ ಊಟ ಒಂದು ಸೋಮವಾರ. ನಾನೂ ಅತ್ತೆಯೂ ಕೋಳಿ ಕೂಗುವ ಮುಂಚೆಯೇ ಒಲೆ ಹಚ್ಚಿದ್ದೆವು. ಮುದ್ದೆ, ಅವರೇಕಾಳಿನ ಸಾರು, ಅನ್ನ, ಪಾಯಸ. ಹೊತ್ತೇರುವಷ್ಟರಲ್ಲಿ ಹೊಲದ ತುಂಬ ಜನ. ಮಾವನ ಕಣ್ಣು ಒದ್ದೆಯಾಗಿತ್ತು. ಉದ್ದಕ್ಕೆ ಎಲೆ ಹಾಕಿಸಿ, ತಾವು ನಡುವೆ ಕೂತು, "ಬನ್ನಿ, ಕೂತ್ಕಳಿ" ಎಂದು ಕರೆದರು.

ಯಾರೂ ಸಾಲಿಗೆ ಬರಲಿಲ್ಲ. ಎಲ್ಲರೂ ಅವರ ಎದುರಿಗೆ, ಬರಿ ನೆಲದ ಮೇಲೆ, ಕೈ ಮುಗಿದು ಕೂತರು.

"ನಿಮ್ಮ ಸರೀಸಮ ಕೂರಾದುಂಟಾ ಬುದ್ಧಿ?" ಎಂದ ಒಬ್ಬ ಮುದುಕ. "ನೀವು ಉಂಡೇಳಿ. ನಿಮ್ಮೆಲೇಲಿ ಮಿಕ್ಕಿದ್ದ ಒಂದ್ ತುತ್ತು ಪರಸಾದ ಅಂತ ಕೊಟ್ರೆ ಸಾಕು."

ಮಗುವಿನ ತಾಯಿ ಪಾದ ತೊಳೆಯಲು ಚೊಂಬು ಹಿಡಿದು ಬಂದಳು. ಮಾವ ಕಾಲು ಎಳೆದುಕೊಂಡರು. "ನಾನು ಬುದ್ಧಿ ಅಲ್ಲ ಕಣ್ರಯ್ಯಾ, ಬಟ್ಟೆ ಮಾರೋನು!"

"ಎಂಥಾ ದೊಡ್ಡ ಮನ್ಸು ನೋಡ್ಲಾ" ಎಂದು ಅವರಲ್ಲೇ ಮೆಲ್ಲಗೆ ಆಡಿಕೊಂಡರು. ಊರಾಚೆಯ ಕೇರಿಯವರು ಬೇಲಿಯ ಹತ್ತಿರವೇ ನಿಂತಿದ್ದರು. ಮಾವ ಎದ್ದು ಹೋಗಿ ಒಬ್ಬನ ಕೈ ಹಿಡಿದರು. ಅವನು ನಡುಗಿಹೋಗಿ ಅವರ ಕಾಲಿಗೇ ಬಿದ್ದ. ಮಾವ ತಿರುಗಿ ಬಂದು ಒಬ್ಬರೇ ಕೂತರು. ಮುದ್ದೆ ಆರುತ್ತಿತ್ತು. ನನಗೆ ಅಳು ಬಂತು. ಇಷ್ಟು ಜನರಲ್ಲಿ ಒಬ್ಬರಿಗೂ ಮಾವ ಕೇಳುತ್ತಿರುವುದು ಏನೆಂದು ತಿಳಿಯದೇ ಎಂದು ಸಿಟ್ಟೂ ಬಂತು.

ಆಗ ಅತ್ತೆ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋಗಿ, ಮಾವನ ಬಲಗಡೆಯ ಎಲೆಯ ಮುಂದೆ ಕೂತರು.

"ಬಡ್ಸವ್ವಾ" ಎಂದರು ನನಗೆ.

ಜನರಲ್ಲಿ ಗುಜುಗುಜು ಎದ್ದಿತು. ಮಾವ ಅತ್ತೆಯ ಮುಖವನ್ನೇ ನೋಡುತ್ತ ಕೂತರು.

"ಊರೂರು ಸುತ್ತಿ ಎಲ್ಲಾರ್ನೂ ಕರ್ದೆ. ನಿನ್ನ ಕರೀನೇ ಇಲ್ವಲ್ಲೇ ನಾನು."

"ತಣ್ಣಗಾಯ್ತದೆ, ಉಣ್ಣಿ" ಎಂದರು ಅತ್ತೆ.

ಇಬ್ಬರೂ ಉಂಡರು. ಆ ಸಾಲಿನಲ್ಲಿ ನಡೆದ ಊಟ ಅದೊಂದೇ. ಮಾವ ಮತ್ತೆ ಯಾರನ್ನೂ ಕರೆಯಲು ಹೋಗಲಿಲ್ಲ, ಚಪ್ಪರ ಮಳೆಗಾಲದಲ್ಲಿ ಕುಸಿಯಿತು. ಮನೆಯಲ್ಲಿ ಮಾತ್ರ ಅಂದಿನಿಂದ ಎರಡು ಎಲೆ ಅಕ್ಕಪಕ್ಕ ಬಿದ್ದವು. ನಾನೂ ಸಮಯ ನೋಡಿ ನನ್ನ ಎಲೆ ಬೇರೆ ಮಾಡಿಕೊಂಡೆ. ಯಜಮಾನರು ಕೆಲವು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಸರಿಹೋದರು.

ಯುದ್ಧ ಇನ್ನೂ ನಡೆಯುತ್ತಿದ್ದಾಗ ಮಾವ ಲಿಂಗೈಕ್ಯರಾದರು. ಆ ಹೊಲದಲ್ಲೇ ಮಣ್ಣು ಮಾಡಿದೆವು. ಜನ ಸುಮ್ಮನಿರಲಿಲ್ಲ. ಬೇಡವೆಂದು ಅವರು ಬಡಕೊಂಡದ್ದನ್ನೇ ಕಟ್ಟಿದರು: ಎತ್ತರದ ಕಲ್ಲಿನ ಗದ್ದುಗೆ, ಮೇಲೊಂದು ಗಂಟೆ. ಬಂದವರೆಲ್ಲ ಅಡ್ಡಬೀಳುತ್ತಿದ್ದರು.

ಅತ್ತೆ ಸೋಮವಾರ ಸೋಮವಾರ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ದಿನವೂ ಅಡ್ಡಬೀಳಲಿಲ್ಲ. ಗದ್ದುಗೆಯ ಮುಂದೆ ಒಂದು ಎಲೆ, ಅದರ ಬಲಕ್ಕೆ ತಮ್ಮದೊಂದು ಎಲೆ ಹಾಕಿ, ಎರಡಕ್ಕೂ ಬಡಿಸಿ ಕೂತು ಉಣ್ಣುತ್ತಿದ್ದರು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಜನ. ನಾನು ಜೊತೆಗೆ ಹೋಗುವಾಗ ಇನ್ನೊಂದು ಎಲೆ ಒಯ್ಯುತ್ತಿದ್ದೆ. ಅದನ್ನು ಮಾವನ ಎಡಗಡೆ ಹಾಕಿಕೊಂಡು ಕೂರುತ್ತಿದ್ದೆ.